ಅವಧಿ ಮುಗಿಯುವ ಮುನ್ನ: ಪ್ರಯಾಣಿಕರ ವಾರ್ಷಿಕ ವಿಮೆಯ ನವೀಕರಣ

ಪುಣೆ ನಗರದ ಪೂರ್ವ ಭಾಗದಲ್ಲಿರುವ ಹಡಪಸರವು ದಾರಿಗಳು ಕೂಡುವ ಮತ್ತು ಅಗಲುವ ಸ್ಥಳ. ಆಷಾಢ ಮಾಸದ ವಾರಿಯ ಕಾಲದಲ್ಲಿ ಆಳಂದಿಯಿಂದ ಹೊರಟ ಜ್ಞಾನೇಶ್ವರ ಮಹಾರಾಜರ ಪಾಲಖಿಯೂ ದೇಹೂವಿನಿಂದ ಹೊರಟ ತುಕಾರಾಮ ಮಹಾರಾಜರ ಪಾಲಖಿಯೂ ಪುಣೆಯನ್ನು ದಾಟಿ ಇಲ್ಲಿಯವರೆಗೆ ಬರುತ್ತವೆ. ಇಲ್ಲಿಂದ ಒಂದು ದಿವೆ ಘಾಟನ್ನು ಹತ್ತಿ ಸಾಸವಡದ ಕಡೆಗೆ ತಿರುಗಿದರೆ, ಇನ್ನೊಂದು ಲೋಣಿ ಕಾಳಭೋರದ ಮಾರ್ಗವನ್ನು ಹಿಡಿಯುತ್ತದೆ. ಎರಡರ ಗುರಿಯೂ ಪಂಢರಪುರವೇ.

ಕನ್ನಡಿಗರಿಗೂ ಹಡಪಸರವು ಒಂದು ಹೆಬ್ಬಾಗಿಲು. ಇಲ್ಲಿಂದ ಹೊರಡುವ ಸೋಲಾಪುರದ ಹೆದ್ದಾರಿ ಇಂದಾಪುರ, ಟೆಂಭುರ್ಣಿಗಳನ್ನು ದಾಟಿ ಸೋಲಾಪುರವನ್ನು ಸೇರುತ್ತದೆ. ಅಲ್ಲಿಂದ ಒಂದು ಕವಲು ವಿಜಯಪುರಕ್ಕೆ, ಮತ್ತೊಂದು ಅಕ್ಕಲಕೋಟೆಯ ಮೇಲೆ ಕಲಬುರಗಿಯ ಕಡೆಗೆ ಹೋಗುತ್ತದೆ. ಹೆದ್ದಾರಿಯು ತಾನು ಉಮರಗಾ, ಹುಮನಾಬಾದುಗಳ ಮೂಲಕ ಹೈದರಾಬಾದಿನತ್ತ ಸಾಗುತ್ತದೆ. ಉದ್ಯೋಗವನ್ನರಸಿ ಕಲ್ಯಾಣ ಕರ್ನಾಟಕದಿಂದಲೂ ವಿಜಯಪುರದ ಕಡೆಯಿಂದಲೂ ಪುಣೆಗೆ ಬಂದವರು ಹಬ್ಬಕ್ಕೆ, ಜಾತ್ರೆಗೆ, ಮದುವೆಗೆ, ಹೊಲದ ಕೆಲಸಕ್ಕೆ ಊರಿಗೆ ಮರಳುವುದು ಹೆಚ್ಚಾಗಿ ಈ ದಾರಿಯಲ್ಲೇ. ಇದೇ ಹಡಪಸರದ ಮಗರಪಟ್ಟಾ ಮುಂತಾದ ಕಡೆ ಇರುವ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳಲ್ಲಿ ದುಡಿಯುವವರು ಕಚೇರಿಯ ಕೆಲಸದ ಮೇಲೆ ವಿದೇಶಗಳಿಗೂ ಹೋಗಿ ಬರುತ್ತಾರೆ.

ಹೀಗೆ ಪ್ರಯಾಣವೇ ಬದುಕಿನ ಭಾಗವಾಗಿರುವ ಕುಟುಂಬಗಳ ಬಳಿ ಒಂದಲ್ಲ ಒಂದು ವಿಮಾಪತ್ರ ಇದ್ದೇ ಇರುತ್ತದೆ: ಕಾರಿನದು, ದ್ವಿಚಕ್ರ ವಾಹನದ್ದು, ಬ್ಯಾಂಕಿನ ಮೂಲಕ ಮಾಡಿಸಿದ ಅಪಘಾತ ವಿಮೆ, ವಿದೇಶ ಪ್ರಯಾಣದ ವಾರ್ಷಿಕ ವಿಮೆ. ಇವುಗಳಲ್ಲಿ ಬಹುತೇಕ ಎಲ್ಲವೂ ಒಂದು ವರ್ಷದ ಆಯುಷ್ಯ ಉಳ್ಳವು. ವಿಮೆ ಮಾಡಿಸುವಾಗ ಇರುವ ಎಚ್ಚರ ಅದನ್ನು ನವೀಕರಿಸುವಾಗ ಇರುವುದಿಲ್ಲ. ಹಿಂದಿನ ಹನ್ನೆರಡು ತಿಂಗಳಲ್ಲಿ ಯಾವ ಅವಘಡವೂ ಸಂಭವಿಸದಿದ್ದರೆ ವಿಮೆಯ ನೆನಪೂ ಮಾಸಿಹೋಗುತ್ತದೆ. ಅವಧಿ ಮುಗಿದುದು ತಿಳಿಯುವುದು ಸಾಮಾನ್ಯವಾಗಿ ವಿಮೆಯ ಅಗತ್ಯ ಬಿದ್ದ ದಿನ. ಆ ದಿನ ಬಾರದಂತೆ ನೋಡಿಕೊಳ್ಳಲು ಏನನ್ನು ತಿಳಿದಿರಬೇಕು, ಏನು ಮಾಡಬೇಕು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಕರಾರಿಗೆ ಗಡಿಯಾರವುಂಟು

ವಿಮೆ ಎಂದರೆ ಒಂದು ಕರಾರು. ನಿಗದಿಯಾದ ಪ್ರೀಮಿಯಂ ಪಡೆದು, ನಿಗದಿಯಾದ ಅವಧಿಯಲ್ಲಿ, ನಿಗದಿಯಾದ ಅಪಾಯಗಳಿಂದ ಆಗುವ ನಷ್ಟವನ್ನು ತುಂಬಿಕೊಡುವುದಾಗಿ ಸಂಸ್ಥೆಯು ಮಾತು ಕೊಡುತ್ತದೆ. ಅವಧಿ ಮುಗಿದೊಡನೆ ಆ ಮಾತೂ ಮುಗಿಯುತ್ತದೆ. ಹತ್ತು ವರ್ಷ ತಪ್ಪದೆ ಪ್ರೀಮಿಯಂ ಕಟ್ಟಿದವರಿಗೂ ಹನ್ನೊಂದನೆಯ ವರ್ಷದ ಹಣ ಸಂದಾಯವಾಗದಿದ್ದರೆ ಹಳೆಯ ನಂಬಿಕೆಯ ಮೇಲೆ ಪರಿಹಾರ ದೊರೆಯುವುದಿಲ್ಲ.

ಇದಕ್ಕೆ ಕಾನೂನಿನ ಆಧಾರವಿದೆ. 1938ರ ವಿಮಾ ಅಧಿನಿಯಮದ 64ವಿಬಿ ಕಲಮಿನ ಪ್ರಕಾರ ಪ್ರೀಮಿಯಂ ಮುಂಗಡವಾಗಿ ಕೈಸೇರದೆ, ಅಥವಾ ಅದರ ಪಾವತಿಗೆ ನಿಯಮಾನುಸಾರ ಖಾತರಿ ದೊರೆಯದೆ, ಯಾವ ವಿಮಾ ಸಂಸ್ಥೆಯೂ ಅಪಾಯದ ಹೊಣೆಯನ್ನು ಹೊರುವಂತಿಲ್ಲ. ಹೀಗಾಗಿ “ಬರುವ ವಾರ ಹಣ ಕಟ್ಟುತ್ತೇನೆ, ಅಲ್ಲಿಯವರೆಗೆ ವಿಮೆ ಮುಂದುವರಿಯಲಿ” ಎಂಬ ಕೋರಿಕೆಯನ್ನು ಮಾನ್ಯ ಮಾಡುವ ಅಧಿಕಾರ ಏಜೆಂಟರಿಗಾಗಲಿ ಶಾಖೆಯ ಅಧಿಕಾರಿಗಾಗಲಿ ಇರುವುದಿಲ್ಲ. ಕೊನೆಯ ದಿನ ಕೊಟ್ಟ ಚೆಕ್ಕು ಹಣವಿಲ್ಲದೆ ಹಿಂತಿರುಗಿದರೆ ವಿಮೆಯೇ ರದ್ದಾಗುವ ಸಂಭವವಿದೆ.

ಅವಧಿಯನ್ನು ದಿನಗಳಲ್ಲಿ ಮಾತ್ರವಲ್ಲದೆ ಗಂಟೆ ನಿಮಿಷಗಳಲ್ಲಿಯೂ ಎಣಿಸಬೇಕಾಗುತ್ತದೆ ಎಂಬುದಕ್ಕೆ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಒಂದು ಪ್ರಕರಣ ನಿದರ್ಶನ. 1991ರ ಡಿಸೆಂಬರ್ 10ರಂದು ಮಧ್ಯಾಹ್ನ 2 ಗಂಟೆ 20 ನಿಮಿಷಕ್ಕೆ ಒಂದು ವಾಹನ ಅಪಘಾತ ಸಂಭವಿಸಿತು. ಆ ವಾಹನಕ್ಕೆ ವಿಮೆ ಪಡೆದದ್ದು ಅದೇ ದಿನ, ಆದರೆ 2 ಗಂಟೆ 55 ನಿಮಿಷಕ್ಕೆ. ವಿಮಾಪತ್ರದಲ್ಲಿ ಆ ವೇಳೆ ನಮೂದಾಗಿತ್ತು. ದಿನಾಂಕ ಒಂದೇ ಆಗಿದ್ದರೂ ಅಪಘಾತ ನಡೆದ ಕ್ಷಣದಲ್ಲಿ ವಿಮೆ ಜಾರಿಯಲ್ಲಿರಲಿಲ್ಲವಾದ್ದರಿಂದ ವಿಮಾ ಸಂಸ್ಥೆ ಹೊಣೆಯಲ್ಲವೆಂದು ನ್ಯಾಯಾಲಯ ತೀರ್ಮಾನಿಸಿತು. ಪರಿಹಾರದ ಭಾರ ವಾಹನದ ಮಾಲೀಕರ ಮೇಲೆಯೇ ಉಳಿಯಿತು. ಮೂವತ್ತೈದು ನಿಮಿಷಗಳ ಅಂತರ ಎಷ್ಟು ದುಬಾರಿಯಾಗಬಹುದು ಎಂಬುದನ್ನು ಈ ತೀರ್ಪು ತೋರಿಸುತ್ತದೆ.

ಆದ್ದರಿಂದ ವಿಮಾಪತ್ರ ಕೈಗೆ ಬಂದೊಡನೆ ಮೊದಲು ನೋಡಬೇಕಾದುದು “ಇಂದಿನಿಂದ”, “ಇಲ್ಲಿಯವರೆಗೆ” ಎಂಬ ಎರಡು ನಮೂದುಗಳನ್ನು. ಅಕ್ಟೋಬರ್ 5ರಂದು ಆರಂಭವಾದ ಒಂದು ವರ್ಷದ ವಿಮೆ ಮುಂದಿನ ವರ್ಷ ಅಕ್ಟೋಬರ್ 4ರ ಮಧ್ಯರಾತ್ರಿಗೆ ಮುಗಿಯುತ್ತದೆ. ಅಕ್ಟೋಬರ್ 5 ಎಂದು ನೆನಪಿಟ್ಟುಕೊಂಡವರು ಒಂದು ದಿನ ತಡವಾದಂತೆಯೇ.

ವಾಹನ ವಿಮೆ: ಎರಡು ಭಾಗ, ಎರಡು ದಿನಾಂಕ

ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನವನ್ನು ಬಳಸಬೇಕಾದರೆ ಮೂರನೆಯ ವ್ಯಕ್ತಿಗೆ ಆಗಬಹುದಾದ ಹಾನಿಯ ಬಗ್ಗೆ ವಿಮೆ ಇರಲೇಬೇಕೆಂದು 1988ರ ಮೋಟಾರು ವಾಹನಗಳ ಅಧಿನಿಯಮದ 146ನೆಯ ಕಲಂ ವಿಧಿಸುತ್ತದೆ. ಮೂರನೆಯ ವ್ಯಕ್ತಿ ಎಂದರೆ ವಾಹನದ ಮಾಲೀಕನೂ ವಿಮಾ ಸಂಸ್ಥೆಯೂ ಅಲ್ಲದ ಅನ್ಯರು: ದಾರಿಹೋಕರು, ಸೈಕಲ್ ಸವಾರರು, ಎದುರಿನ ವಾಹನದಲ್ಲಿರುವವರು. ತಮ್ಮದಲ್ಲದ ತಪ್ಪಿಗೆ ಕೈಕಾಲು ಅಥವಾ ಜೀವ ಕಳೆದುಕೊಂಡವರ ಕುಟುಂಬ ಬೀದಿಗೆ ಬೀಳಬಾರದು ಎಂಬುದು ಈ ನಿಯಮದ ಹಿಂದಿರುವ ತತ್ತ್ವ.

ವಿಮೆಯಿಲ್ಲದೆ ವಾಹನ ನಡೆಸಿದರೆ 196ನೆಯ ಕಲಮಿನಂತೆ ಮೂರು ತಿಂಗಳವರೆಗಿನ ಸೆರೆವಾಸ, ಇಲ್ಲವೆ 2,000 ರೂಪಾಯಿ ದಂಡ, ಇಲ್ಲವೆ ಎರಡೂ ವಿಧಿಸಲು ಅವಕಾಶವಿದೆ. ಎರಡನೆಯ ಬಾರಿ ಸಿಕ್ಕಿಬಿದ್ದರೆ ದಂಡ 4,000 ರೂಪಾಯಿ. ಈ ಮೊತ್ತಗಳು 2019ರ ತಿದ್ದುಪಡಿಯಿಂದ ಜಾರಿಗೆ ಬಂದವು. ಆದರೆ ದಂಡವು ಚಿಕ್ಕ ಸಂಗತಿ. ವಿಮೆಯಿಲ್ಲದ ದಿನ ವಾಹನದಿಂದ ಯಾರಿಗಾದರೂ ಪ್ರಾಣಹಾನಿಯಾದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಲಿಯು ವಿಧಿಸುವ ಪರಿಹಾರವನ್ನು ಮಾಲೀಕನೇ ತೆರಬೇಕು. ದುಡಿಯುವ ವಯಸ್ಸಿನವರು ಮೃತಪಟ್ಟಾಗ ಅವರ ವಯಸ್ಸು, ಆದಾಯ ಮತ್ತು ಅವಲಂಬಿತರನ್ನು ಲೆಕ್ಕಕ್ಕೆ ಹಿಡಿದು ನಿಗದಿಯಾಗುವ ಈ ಮೊತ್ತ ಲಕ್ಷಗಳಲ್ಲಿರುತ್ತದೆ. ಮನೆ, ಹೊಲ, ಉಳಿತಾಯ ಎಲ್ಲವೂ ಅದಕ್ಕೆ ಗುರಿಯಾಗಬಹುದು. ಇತ್ತ ಮಾಲೀಕನಲ್ಲಿ ಏನೂ ಇಲ್ಲದಿದ್ದರೆ ನೊಂದ ಕುಟುಂಬದ ಕೈಯಲ್ಲಿ ಉಳಿಯುವುದು ತೀರ್ಪಿನ ಪ್ರತಿ ಮಾತ್ರ. ಒಂದು ನವೀಕರಣವನ್ನು ಮರೆತರೆ ಎರಡು ಮನೆಗಳು ಮುಳುಗುತ್ತವೆ.

ವಾಹನ ವಿಮೆಯ ಇನ್ನೊಂದು ಭಾಗ ಸ್ವಂತ ಹಾನಿಗೆ ಸಂಬಂಧಿಸಿದುದು. ಅಪಘಾತ, ಬೆಂಕಿ, ನೆರೆ, ಕಳವು ಮುಂತಾದವುಗಳಿಂದ ನಮ್ಮ ವಾಹನಕ್ಕೇ ಆಗುವ ನಷ್ಟವನ್ನು ಇದು ಭರಿಸುತ್ತದೆ. ಇದು ಕಾನೂನಿನಂತೆ ಕಡ್ಡಾಯವಲ್ಲ.

ಇಲ್ಲಿ ಅನೇಕರು ಎಡವುವ ಒಂದು ತೊಡಕಿದೆ. ಸರ್ವೋಚ್ಚ ನ್ಯಾಯಾಲಯದ ಆದೇಶದ ಅನುಸಾರ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷಗಳ ಮತ್ತು ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷಗಳ ಮೂರನೆಯ ವ್ಯಕ್ತಿ ವಿಮೆಯನ್ನು ಖರೀದಿಯ ಸಮಯದಲ್ಲಿಯೇ ಪಡೆಯಬೇಕು. ಆದರೆ ಅದರ ಜೊತೆಗೆ ಕೊಡುವ ಸ್ವಂತ ಹಾನಿಯ ವಿಮೆ ಬಹುಮಟ್ಟಿಗೆ ಒಂದೇ ವರ್ಷದ್ದಾಗಿರುತ್ತದೆ. ಎರಡೂ ಒಂದೇ ಪತ್ರದಲ್ಲಿ ಮುದ್ರಿತವಾಗಿರುವುದರಿಂದ ಮೂರು ಅಥವಾ ಐದು ವರ್ಷಗಳ ಆಚೆಯ ದಿನಾಂಕವನ್ನು ನೋಡಿದವರು “ಇನ್ನೂ ಬಹಳ ಕಾಲವಿದೆ” ಎಂದು ಪತ್ರವನ್ನು ಎತ್ತಿಡುತ್ತಾರೆ. ಎರಡನೆಯ ವರ್ಷ ವಾಹನ ಕಳವಾದಾಗ, ಇಲ್ಲವೆ ಮಳೆಗಾಲದ ನೀರು ನುಗ್ಗಿ ಎಂಜಿನ್ ಕೆಟ್ಟಾಗ, ಆ ಭಾಗ ಎಂದೋ ಮುಗಿದಿತ್ತೆಂಬುದು ಗೊತ್ತಾಗುತ್ತದೆ. ಪತ್ರದಲ್ಲಿ ಎಷ್ಟು ಭಾಗಗಳಿವೆಯೋ ಅಷ್ಟು ದಿನಾಂಕಗಳನ್ನೂ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳುವುದು ಇದಕ್ಕೆ ಪರಿಹಾರ.

ಸ್ವಂತ ಹಾನಿಯ ವಿಮೆಯನ್ನು ಅವಧಿಯೊಳಗೆ ನವೀಕರಿಸುವುದರಿಂದ ಹಣದ ಲಾಭವೂ ಇದೆ. ಪರಿಹಾರ ಕೇಳದೆ ಕಳೆದ ವರ್ಷಗಳಿಗೆ ಪ್ರತಿಫಲವಾಗಿ ಪ್ರೀಮಿಯಮ್ಮಿನಲ್ಲಿ ರಿಯಾಯಿತಿ ದೊರೆಯುತ್ತದೆ. ಮೊದಲ ವರ್ಷದ ನಂತರ ಇದು ಶೇಕಡಾ 20. ಬಳಿಕ ಕ್ರಮವಾಗಿ 25, 35, 45 ಮತ್ತು 50ರವರೆಗೆ ಏರುತ್ತದೆ. ಅವಧಿ ಮುಗಿದು 90 ದಿನಗಳೊಳಗೆ ನವೀಕರಿಸದಿದ್ದರೆ ವರ್ಷಗಟ್ಟಲೆ ಗಳಿಸಿದ ಈ ರಿಯಾಯಿತಿ ಪೂರ್ಣವಾಗಿ ಕೈತಪ್ಪುತ್ತದೆ. ಈ 90 ದಿನಗಳ ಅರ್ಥವನ್ನು ಸರಿಯಾಗಿ ಗ್ರಹಿಸಬೇಕು. ಅದು ರಿಯಾಯಿತಿಯನ್ನು ಉಳಿಸಿಕೊಳ್ಳಲು ಕೊಟ್ಟ ಕಾಲಾವಕಾಶ. ಆ ದಿನಗಳಲ್ಲಿ ವಾಹನಕ್ಕೆ ರಕ್ಷಣೆ ಇರುವುದಿಲ್ಲ.

ಹಬ್ಬದ ನೆನಪು ಸಾಲದು

ನಮ್ಮಲ್ಲಿ ಶುಭ ದಿನ ನೋಡಿ ವಾಹನ ಕೊಳ್ಳುವುದು ವಾಡಿಕೆ. ಕರ್ನಾಟಕದಲ್ಲಿ ಆಯುಧಪೂಜೆ, ವಿಜಯದಶಮಿ, ಯುಗಾದಿ. ಮಹಾರಾಷ್ಟ್ರದಲ್ಲಿ ಗುಡಿಪಾಡ್ವಾ, ದಸರಾ. ಆದಕಾರಣ “ದಸರೆಗೆ ಕಾರು ಬಂತು, ದಸರೆಗೇ ವಿಮೆ ಕಟ್ಟಿದರಾಯಿತು” ಎಂಬ ಲೆಕ್ಕ ಅನೇಕ ಮನೆಗಳಲ್ಲಿ ರೂಢಿಯಲ್ಲಿದೆ. ಕೇಳಲು ಸರಳವಾದ ಈ ಲೆಕ್ಕ ಅಪಾಯಕಾರಿ.

ಹಬ್ಬಗಳು ಚಾಂದ್ರಮಾನವನ್ನು ಅನುಸರಿಸುತ್ತವೆ. ಹನ್ನೆರಡು ಚಾಂದ್ರ ಮಾಸಗಳ ವರ್ಷಕ್ಕೆ ಸುಮಾರು 354 ದಿನಗಳು. ಹೀಗೆ ಪ್ರತಿವರ್ಷ ಹನ್ನೊಂದು ದಿನ ಹಿಂದೆ ಸರಿಯುವ ಹಬ್ಬಗಳು ಅಧಿಕಮಾಸ ಬಂದ ವರ್ಷ ಒಮ್ಮೆಲೇ ಮುಂದಕ್ಕೆ ಹೋಗುತ್ತವೆ. ವಿಮೆಯಾದರೋ ಇಂಗ್ಲಿಷ್ ಕ್ಯಾಲೆಂಡರಿನ ದಿನಾಂಕಕ್ಕೆ ಕಟ್ಟುಬಿದ್ದಿದೆ. 2022ರಲ್ಲಿ ವಿಜಯದಶಮಿ ಅಕ್ಟೋಬರ್ 5ರಂದು ಬಂದಿತ್ತು. ಅಂದು ಆರಂಭವಾದ ಒಂದು ವರ್ಷದ ವಿಮೆ 2023ರ ಅಕ್ಟೋಬರ್ 4ರ ಮಧ್ಯರಾತ್ರಿ ಮುಗಿಯಿತು. 2023ರಲ್ಲಿ ಅಧಿಕ ಶ್ರಾವಣ ಬಂದುದರಿಂದ ವಿಜಯದಶಮಿ ಬಂದದ್ದು ಅಕ್ಟೋಬರ್ 24ರಂದು. ಹಬ್ಬವನ್ನು ನಂಬಿ ಕುಳಿತವರ ವಾಹನಕ್ಕೆ ಸುಮಾರು ಇಪ್ಪತ್ತು ದಿನ ರಕ್ಷಣೆಯೇ ಇರಲಿಲ್ಲ. ಆಯುಧಪೂಜೆಯ ದಿನ ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ಪೂಜೆ ಮಾಡಿದ ವಾಹನದ ವಿಮಾಪತ್ರ ಅದಾಗಲೇ ಸತ್ತ ಕಾಗದವಾಗಿತ್ತು.

ಪೂಜೆಯ ದಿನ ವಾಹನದ ಕಾಗದಪತ್ರಗಳನ್ನೂ ತೆಗೆದು ನೋಡುವುದು ಒಳ್ಳೆಯ ಪದ್ಧತಿಯೇ. ಆದರೆ ನವೀಕರಣದ ನೆನಪನ್ನು ಹಬ್ಬಕ್ಕೆ ಒಪ್ಪಿಸದೆ ದಿನಾಂಕಕ್ಕೆ ಒಪ್ಪಿಸಬೇಕು.

ವಿದೇಶ ಪ್ರಯಾಣದ ವಾರ್ಷಿಕ ವಿಮೆ

ವರ್ಷದಲ್ಲಿ ಹಲವು ಬಾರಿ ಹೊರದೇಶಗಳಿಗೆ ಹೋಗಿ ಬರುವವರು ಪ್ರತಿ ಪ್ರಯಾಣಕ್ಕೂ ಬೇರೆ ವಿಮೆ ಪಡೆಯುವ ಬದಲು ಒಂದು ವರ್ಷದ ಬಹುಪ್ರವಾಸ ವಿಮೆಯನ್ನು ಪಡೆಯುವುದುಂಟು. ಅನಾರೋಗ್ಯ, ಅಪಘಾತ, ಸಾಮಾನು ಕಳೆದುಹೋಗುವುದು, ಪಾಸ್‌ಪೋರ್ಟ್ ಕಳೆದುಹೋಗುವುದು, ವಿಮಾನ ವಿಳಂಬ ಮೊದಲಾದವು ಇದರ ವ್ಯಾಪ್ತಿಗೆ ಬರುತ್ತವೆ. ಇವುಗಳಲ್ಲಿ ಮುಖ್ಯವಾದುದು ವೈದ್ಯಕೀಯ ವೆಚ್ಚ. ಅಮೆರಿಕದಂತಹ ದೇಶದಲ್ಲಿ ಕೆಲವೇ ದಿನಗಳ ಆಸ್ಪತ್ರೆವಾಸ ಒಂದು ಮಧ್ಯಮ ವರ್ಗದ ಕುಟುಂಬದ ವರ್ಷಗಳ ಉಳಿತಾಯವನ್ನು ನುಂಗಬಲ್ಲದು.

ಈ ವಿಮೆಯ ವಿಷಯದಲ್ಲಿ ನಾಲ್ಕು ಅಂಶಗಳನ್ನು ಗಮನಿಸಬೇಕು.

ಮೊದಲನೆಯದಾಗಿ, ವಾರ್ಷಿಕ ವಿಮೆ ಎಂದರೆ ವರ್ಷವಿಡೀ ಹೊರದೇಶದಲ್ಲಿ ಇರಬಹುದೆಂಬ ಅರ್ಥವಲ್ಲ. ಪ್ರವಾಸಗಳ ಸಂಖ್ಯೆಗೆ ಮಿತಿ ಇಲ್ಲದಿದ್ದರೂ ಪ್ರತಿಯೊಂದು ಪ್ರವಾಸಕ್ಕೆ ಮಿತಿಯಿರುತ್ತದೆ. ಆಯ್ಕೆ ಮಾಡಿದ ವಿಮೆಯನ್ನು ಅವಲಂಬಿಸಿ ಅದು 30, 45 ಅಥವಾ 60 ದಿನಗಳು ಇರಬಹುದು. ಮಗಳ ಬಾಣಂತನಕ್ಕೆಂದು ಆರು ತಿಂಗಳು ಹೋಗಿರುವ ತಾಯಿಗೆ ಇಂತಹ ವಿಮೆ ಸೂಕ್ತವಲ್ಲ. ಆಕೆಗೆ ಪೂರ್ಣ ಅವಧಿಯ ಏಕಪ್ರವಾಸ ವಿಮೆ ಬೇಕು.

ಎರಡನೆಯದಾಗಿ, ಪ್ರವಾಸದ ನಡುವೆ ವಿಮೆಯ ಅವಧಿ ಮುಗಿಯಬಹುದು. ವಿಮೆ ಡಿಸೆಂಬರ್ 20ಕ್ಕೆ ಮುಗಿಯುವುದಿದ್ದು, ಡಿಸೆಂಬರ್ 10ರಂದು ಹೊರಟವರು ಜನವರಿ 5ಕ್ಕೆ ಮರಳುವುದಿದ್ದರೆ, ಹೊರಡುವ ದಿನ ವಿಮೆ ಇದ್ದೇ ಇರುತ್ತದೆ. ಆದಕಾರಣ ಯಾರಿಗೂ ಅನುಮಾನ ಬಾರದು. ಡಿಸೆಂಬರ್ 20ರ ನಂತರದ ದಿನಗಳಿಗೆ ಮಾತ್ರ ಆಧಾರವಿರುವುದಿಲ್ಲ. ಹಲವು ಸಂಸ್ಥೆಗಳು ಭಾರತದಿಂದ ಹೊರಡುವ ಮುನ್ನ ಪಡೆದ ವಿಮೆಯನ್ನಷ್ಟೇ ಮಾನ್ಯ ಮಾಡುವುದರಿಂದ ಹೊರದೇಶದಲ್ಲಿ ಕುಳಿತು ಹೊಸ ವಿಮೆ ಪಡೆಯುವುದು ಕಷ್ಟ. ಆದ್ದರಿಂದ ಟಿಕೆಟ್ ಕಾದಿರಿಸುವಾಗಲೇ ಮರಳುವ ದಿನಾಂಕವನ್ನು ವಿಮೆಯ ಕೊನೆಯ ದಿನಾಂಕದೊಂದಿಗೆ ಹೋಲಿಸಿ ನೋಡಿ, ಮುನ್ನವೇ ನವೀಕರಿಸಬೇಕು.

ಮೂರನೆಯದಾಗಿ, ನವೀಕರಣವೆಂದರೆ ಹಿಂದಿನ ವರ್ಷದ ಯಥಾಪ್ರತಿ ಎಂದು ಭಾವಿಸಬಾರದು. ಹಿಂದಿನ ಅವಧಿಯಲ್ಲಿ ಪತ್ತೆಯಾದ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆಗಳು ಹೊಸ ಅವಧಿಯಲ್ಲಿ ಮೊದಲೇ ಇದ್ದ ಕಾಯಿಲೆಗಳೆಂದು ಪರಿಗಣಿತವಾಗಬಹುದು. ಅವನ್ನು ಮುಚ್ಚಿಡದೆ ತಿಳಿಸಬೇಕು. ವಯಸ್ಸು ಹೆಚ್ಚಿದಂತೆ ಪ್ರೀಮಿಯಂ ಮತ್ತು ಷರತ್ತುಗಳೂ ಬದಲಾಗುತ್ತವೆ.

ನಾಲ್ಕನೆಯದಾಗಿ, ವೀಸಾದ ಅಗತ್ಯವನ್ನು ನೋಡಿಕೊಳ್ಳಬೇಕು. ಯುರೋಪಿನ ಷೆಂಗೆನ್ ದೇಶಗಳ ಅಲ್ಪಾವಧಿ ವೀಸಾಕ್ಕೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಬೇಕಾಗುತ್ತದೆ. ಅಲ್ಲಿ ತಂಗುವ ದಿನಗಳೆಲ್ಲವೂ ಅದರ ವ್ಯಾಪ್ತಿಯಲ್ಲಿರಬೇಕು.

ಕಚೇರಿಯ ಕೆಲಸದ ಮೇಲೆ ಹೋಗುವವರಿಗೆ ಸಂಸ್ಥೆಯೇ ವಿಮೆ ಮಾಡಿಸಿರುವುದುಂಟು. ಕೆಲಸ ಬದಲಿಸಿದಾಗ, ಇಲ್ಲವೆ ಕಚೇರಿಯ ಕೆಲಸ ಮುಗಿದ ಮೇಲೆ ಸ್ವಂತ ಖರ್ಚಿನಲ್ಲಿ ನಾಲ್ಕು ದಿನ ಹೆಚ್ಚಿಗೆ ತಂಗಿದಾಗ, ಆ ವಿಮೆ ಮುಂದುವರಿಯುವುದೇ ಎಂಬುದನ್ನು ಬರೆಹದಲ್ಲಿ ಕೇಳಿ ತಿಳಿಯುವುದು ಒಳಿತು.

ಇಪ್ಪತ್ತು ರೂಪಾಯಿಯ ವಿಮೆ

ಕಾರಾಗಲಿ ವಿದೇಶ ಪ್ರಯಾಣವಾಗಲಿ ಇಲ್ಲದವರಿಗೂ ಪ್ರಯಾಣದ ಅಪಾಯ ತಪ್ಪಿದ್ದಲ್ಲ. ಕಟ್ಟಡದ ಕೆಲಸಕ್ಕೆ ಟೆಂಪೊದಲ್ಲಿ ಹೋಗುವವರು, ರಾತ್ರಿ ಬಸ್ಸಿನಲ್ಲಿ ಊರಿಗೆ ಹೊರಡುವವರು, ಹೆದ್ದಾರಿಯ ಬದಿಯಲ್ಲಿ ನಡೆಯುವ ವಾರಕರಿಗಳು ಎಲ್ಲರೂ ಪ್ರಯಾಣಿಕರೇ. ಇವರೆಲ್ಲರಿಗೆ ಎಟಕುವಂತಹುದು 2015ರ ಮೇ ತಿಂಗಳಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ.

ಬ್ಯಾಂಕ್ ಅಥವಾ ಅಂಚೆ ಕಚೇರಿಯಲ್ಲಿ ಖಾತೆಯುಳ್ಳ 18ರಿಂದ 70 ವರ್ಷದೊಳಗಿನವರು ಇದಕ್ಕೆ ಸೇರಬಹುದು. ವಾರ್ಷಿಕ ಪ್ರೀಮಿಯಂ ಆರಂಭದಲ್ಲಿ 12 ರೂಪಾಯಿ ಇದ್ದುದು 2022ರ ಜೂನ್ 1ರಿಂದ 20 ರೂಪಾಯಿ ಆಗಿದೆ. ಅಪಘಾತದಲ್ಲಿ ಮರಣ ಸಂಭವಿಸಿದರೆ, ಅಥವಾ ಎರಡೂ ಕಣ್ಣು, ಎರಡೂ ಕೈ ಇಲ್ಲವೆ ಎರಡೂ ಕಾಲುಗಳನ್ನು ಕಳೆದುಕೊಳ್ಳುವಂತಹ ಪೂರ್ಣ ಅಂಗವಿಕಲತೆ ಉಂಟಾದರೆ 2 ಲಕ್ಷ ರೂಪಾಯಿ, ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲಿನಂತಹ ಭಾಗಶಃ ಶಾಶ್ವತ ಅಂಗವಿಕಲತೆಗೆ 1 ಲಕ್ಷ ರೂಪಾಯಿ ದೊರೆಯುತ್ತದೆ.

ಈ ಯೋಜನೆಯ ವರ್ಷ ಜೂನ್ 1ರಂದು ಆರಂಭವಾಗಿ ಮರುವರ್ಷದ ಮೇ 31ರಂದು ಮುಗಿಯುತ್ತದೆ. ಯಾರು ಯಾವ ತಿಂಗಳಲ್ಲಿ ಸೇರಿದ್ದರೂ ಕೊನೆಯ ದಿನ ಮೇ 31. ಒಪ್ಪಿಗೆ ಕೊಟ್ಟಿರುವ ಖಾತೆಯಿಂದ ಪ್ರೀಮಿಯಂ ತಾನಾಗಿಯೇ ಕಡಿತವಾಗುತ್ತದೆ. ಹಾಗಾದರೆ ನೆನಪಿನ ಗೊಡವೆ ಏಕೆ ಎಂದು ಕೇಳಬಹುದು. ತೊಡಕು ಇರುವುದು ಇಲ್ಲಿಯೇ. ಊರಿನ ಶಾಖೆಯಲ್ಲಿ ಖಾತೆ ತೆರೆದು ಯೋಜನೆಗೆ ಸೇರಿದವರು ಪುಣೆಗೆ ಬಂದ ಮೇಲೆ ಇಲ್ಲಿ ಇನ್ನೊಂದು ಖಾತೆ ತೆರೆಯುತ್ತಾರೆ. ಕೂಲಿ, ಸಂಬಳ ಎಲ್ಲವೂ ಹೊಸ ಖಾತೆಗೆ ಬರುತ್ತದೆ. ಹಳೆಯ ಖಾತೆ ಬರಿದಾಗುತ್ತದೆ. ಮೇ ಕೊನೆಯಲ್ಲಿ ಆ ಖಾತೆಯಲ್ಲಿ 20 ರೂಪಾಯಿ ಇಲ್ಲದಿದ್ದರೆ ಕಡಿತವಾಗುವುದಿಲ್ಲ, ವಿಮೆಯೂ ಮುಂದುವರಿಯುವುದಿಲ್ಲ. ಹೀಗೆ ವಿಮೆ ನಿಂತುಹೋದ ಸಂಗತಿ ಮನೆಯವರ ಗಮನಕ್ಕೆ ಬಾರದೆ ಉಳಿಯಬಹುದು.

ಆದುದರಿಂದ ಮೇ ತಿಂಗಳ ಮಧ್ಯದಲ್ಲಿ ಆ ಖಾತೆಗೆ ಸ್ವಲ್ಪ ಹಣ ಹಾಕಿ, ಜೂನ್ ಮೊದಲ ವಾರದಲ್ಲಿ ಪಾಸ್‌ಪುಸ್ತಕ ತುಂಬಿಸಿ, ಕಡಿತವಾಗಿರುವುದನ್ನು ಕಣ್ಣಾರೆ ನೋಡಬೇಕು. ಹಲವು ಖಾತೆಗಳಿದ್ದರೂ ಒಬ್ಬರು ಒಂದು ಖಾತೆಯ ಮೂಲಕ ಮಾತ್ರ ಸೇರಬಹುದು. ಆ ಖಾತೆ ಯಾವುದು, ನಾಮನಿರ್ದೇಶಿತರು ಯಾರು ಎಂಬುದು ಮನೆಯ ಇನ್ನೊಬ್ಬರಿಗೂ ತಿಳಿದಿರಬೇಕು. ವಿಮೆ ಇತ್ತೆಂಬುದೇ ಮನೆಯವರಿಗೆ ತಿಳಿಯದಿದ್ದರೆ ಅದು ಇದ್ದೂ ಇಲ್ಲದಂತೆ.

ರೈಲು ಪ್ರಯಾಣಿಕರಿಗೆ ನವೀಕರಣದ ಪ್ರಶ್ನೆ ಬರುವುದಿಲ್ಲ. ಅಂತರ್ಜಾಲದ ಮೂಲಕ ಟಿಕೆಟ್ ಕಾದಿರಿಸುವವರು ಪ್ರತಿ ಪ್ರಯಾಣಕ್ಕೂ ಬೇರೆಯಾಗಿ ಐಚ್ಛಿಕ ವಿಮೆಯನ್ನು ಆಯ್ದುಕೊಳ್ಳಬಹುದು. 2016ರ ಸೆಪ್ಟೆಂಬರಿನಲ್ಲಿ ಆರಂಭವಾದ ಈ ಸೌಲಭ್ಯದಲ್ಲಿ ಒಂದು ರೂಪಾಯಿಗೂ ಕಡಿಮೆ ಪ್ರೀಮಿಯಮ್ಮಿಗೆ ಮರಣ ಅಥವಾ ಶಾಶ್ವತ ಪೂರ್ಣ ಅಂಗವಿಕಲತೆಯ ಸಂದರ್ಭದಲ್ಲಿ 10 ಲಕ್ಷ ರೂಪಾಯಿ ಪರಿಹಾರವಿದೆ. ಪ್ರಯಾಣ ಮುಗಿದೊಡನೆ ವಿಮೆಯೂ ಮುಗಿಯುತ್ತದೆ. ಟಿಕೆಟ್ ದೊರೆತ ಮೇಲೆ ಬರುವ ಸಂದೇಶದ ಮೂಲಕ ನಾಮನಿರ್ದೇಶಿತರ ಹೆಸರನ್ನು ತುಂಬುವುದನ್ನು ಮರೆಯಬಾರದು.

ಮರೆಯದಿರಲು ಏನು ಮಾಡಬೇಕು?

ವಿಮಾ ಸಂಸ್ಥೆಗಳು ನವೀಕರಣದ ಜ್ಞಾಪನೆಯನ್ನು ದೂರವಾಣಿ ಸಂದೇಶ, ಮಿಂಚಂಚೆ ಅಥವಾ ಅಂಚೆಯ ಮೂಲಕ ಕಳುಹಿಸುವುದುಂಟು. ಆದರೆ ಅದನ್ನೇ ನಂಬಿ ಕೂರುವಂತಿಲ್ಲ. ಊರು ಬಿಟ್ಟು ಬಂದವರ ವಿಳಾಸ ಬದಲಾಗಿರುತ್ತದೆ, ದೂರವಾಣಿ ಸಂಖ್ಯೆಯೂ ಬದಲಾಗಿರಬಹುದು. ವಾಹನ ಮಾರಿದವರು ತಮ್ಮ ಸಂಖ್ಯೆಯನ್ನೇ ಬರೆಸಿದ್ದರೆ ಅದು ಹೊಸ ಮಾಲೀಕರಿಗೆ ತಲುಪುವುದೇ ಇಲ್ಲ. ಬಂದ ಸಂದೇಶವೂ ಇಂಗ್ಲಿಷಿನಲ್ಲಿದ್ದು ನೂರಾರು ಜಾಹೀರಾತುಗಳ ನಡುವೆ ಮುಳುಗಿಹೋಗಬಹುದು. ಈ ಕೆಳಗಿನ ಸರಳ ಕ್ರಮಗಳು ಉಪಯುಕ್ತ.

1. ಮನೆಯಲ್ಲಿರುವ ಎಲ್ಲ ವಿಮೆಗಳ ವಿವರವನ್ನು ಒಂದೇ ಹಾಳೆಯಲ್ಲಿ ಬರೆಯಿರಿ: ವಿಮೆಯ ಹೆಸರು, ಸಂಸ್ಥೆ, ಪತ್ರದ ಸಂಖ್ಯೆ, ಆರಂಭದ ದಿನ, ಮುಗಿಯುವ ದಿನ, ನಾಮನಿರ್ದೇಶಿತರು. ಗೋಡೆಯ ಕ್ಯಾಲೆಂಡರಿನಲ್ಲಿ ಮುಗಿಯುವ ದಿನಕ್ಕೆ ಬದಲಾಗಿ ಅದಕ್ಕೆ ಮೂವತ್ತು ದಿನ ಮುಂಚಿನ ದಿನಕ್ಕೆ ಗುರುತು ಹಾಕಿ. ಹೊಸ ಕ್ಯಾಲೆಂಡರ್ ಮನೆಗೆ ಬಂದ ದಿನವೇ ಆ ಗುರುತುಗಳನ್ನು ಅದಕ್ಕೆ ವರ್ಗಾಯಿಸಿ. ಮೊಬೈಲ್ ದೂರವಾಣಿಯಲ್ಲಿಯೂ ಜ್ಞಾಪನೆ ಇಡಬಹುದು.

2. ನೆನಪಿನ ಹೊಣೆಯನ್ನು ಒಬ್ಬರ ಮೇಲೆಯೇ ಬಿಡಬೇಡಿ. ಮನೆಯ ಯಜಮಾನರು ಊರಲ್ಲಿಲ್ಲದಾಗಲೂ ಕೆಲಸ ನಡೆಯುವಂತಿರಲಿ.

3. ಮುಂಚೆ ಕಟ್ಟಿದರೆ ಉಳಿದ ದಿನಗಳು ನಷ್ಟವಾಗುತ್ತವೆ ಎಂಬುದು ತಪ್ಪು ತಿಳಿವಳಿಕೆ. ಅವಧಿಯೊಳಗೆ ನವೀಕರಿಸಿದಾಗ ಹೊಸ ಅವಧಿಯು ಹಳೆಯದು ಮುಗಿದ ಕ್ಷಣದಿಂದ ಆರಂಭವಾಗುತ್ತದೆ. ಹದಿನೈದು ದಿನ ಮುಂಚೆ ಹಣ ಕಟ್ಟಿದವರಿಗೂ ಪೂರ್ಣ ಹನ್ನೆರಡು ತಿಂಗಳು ದೊರೆಯುತ್ತದೆ.

4. ದೂರವಾಣಿ ಸಂಖ್ಯೆ ಅಥವಾ ವಿಳಾಸ ಬದಲಾದರೆ ವಿಮಾ ಸಂಸ್ಥೆಗೂ ಬ್ಯಾಂಕಿಗೂ ತಿಳಿಸಿ. ಹಳೆಯ ವಾಹನ ಕೊಂಡಾಗ ನೋಂದಣಿಯೊಂದಿಗೆ ವಿಮೆಯನ್ನೂ ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಿ.

5. ನವೀಕರಣದ ಹೆಸರಿನಲ್ಲಿ ವಂಚಿಸುವವರೂ ಇದ್ದಾರೆ. ಅಪರಿಚಿತರು ಕಳುಹಿಸಿದ ಕೊಂಡಿಯ ಮೂಲಕ, ಅಥವಾ ವ್ಯಕ್ತಿಯೊಬ್ಬರ ಖಾಸಗಿ ಖಾತೆಗೆ ಹಣ ಕಟ್ಟಬೇಡಿ. ಹಣ ಕಟ್ಟಿದ ಮೇಲೆ ರಸೀದಿ ಮಾತ್ರವಲ್ಲದೆ ವಿಮಾಪತ್ರವನ್ನೂ ಪಡೆದು, ಅದರ ಸಂಖ್ಯೆಯನ್ನು ಸಂಸ್ಥೆಯ ಅಧಿಕೃತ ಜಾಲತಾಣದಲ್ಲಿ ಪರೀಕ್ಷಿಸಿ. ವಾಹನದ ವಿಮೆ ಜಾರಿಯಲ್ಲಿದೆಯೇ ಎಂಬುದನ್ನು ಎಂಪರಿವಾಹನ್ ಆ್ಯಪ್‌ನಲ್ಲಿಯೂ ನೋಡಬಹುದು. ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿರುವ ದಾಖಲೆಗಳನ್ನು ದಾರಿಯಲ್ಲಿ ತಪಾಸಣೆಯ ವೇಳೆ ತೋರಿಸಬಹುದಾಗಿದೆ.

6. ಊರಿಗೆ ಹೊರಡುವ ಮುನ್ನ ಟೈರಿನ ಗಾಳಿ, ಎಣ್ಣೆ, ದೀಪಗಳನ್ನು ನೋಡುವಂತೆ ವಿಮೆಯ ದಿನಾಂಕವನ್ನೂ ನೋಡಿ. ಹೊರಡುವ ದಿನವಷ್ಟೇ ಅಲ್ಲ, ಮರಳುವ ದಿನವೂ ಅದರೊಳಗೆ ಇರಬೇಕು.

ಅವಧಿ ಮುಗಿದೇ ಹೋಗಿದ್ದರೆ

ಮೊದಲನೆಯದಾಗಿ, ವಾಹನವನ್ನು ರಸ್ತೆಗೆ ಇಳಿಸಬಾರದು. “ಹತ್ತಿರದ ಕಚೇರಿಗೆ ಹೋಗಿ ಕಟ್ಟಿ ಬರುತ್ತೇನೆ” ಎಂದು ಅದೇ ವಾಹನದಲ್ಲಿ ಹೊರಡುವುದೂ ಕೂಡದು. ಮನೆಯಲ್ಲಿಯೇ ಕುಳಿತು ಅಂತರ್ಜಾಲದ ಮೂಲಕ, ಇಲ್ಲವೆ ಬೇರೆ ವಾಹನದಲ್ಲಿ ಹೋಗಿ ವಿಮೆ ಪಡೆಯಬಹುದು. ಸ್ವಂತ ಹಾನಿಯ ವಿಮೆ ಕಡಿದುಹೋಗಿದ್ದರೆ ಸಂಸ್ಥೆಯು ಸಾಮಾನ್ಯವಾಗಿ ವಾಹನವನ್ನು ಪರೀಕ್ಷಿಸಿದ ನಂತರವೇ ಹೊಸ ವಿಮೆ ಕೊಡುತ್ತದೆ. ಆಗಲೇ ಇರುವ ಡೊಂಕು, ಬಿರುಕುಗಳನ್ನು ಗುರುತು ಮಾಡಿಕೊಳ್ಳುತ್ತದೆ. ಹೊಸ ಪತ್ರದಲ್ಲಿ ರಕ್ಷಣೆ ಯಾವ ದಿನ, ಯಾವ ವೇಳೆಯಿಂದ ಆರಂಭವಾಗುತ್ತದೆ ಎಂಬುದನ್ನು ಓದಿದ ಮೇಲೆಯೇ ವಾಹನ ತೆಗೆಯಬೇಕು.

ಅವಧಿ ಮುಗಿದ ನಂತರ ಅಪಘಾತ ಸಂಭವಿಸಿದ್ದು, ಹಿಂದಿನ ದಿನಾಂಕ ಹಾಕಿಸಿಕೊಳ್ಳುವ ಸಲಹೆಯನ್ನು ಯಾರಾದರೂ ಕೊಟ್ಟರೆ ಅದನ್ನು ಕೇಳಬಾರದು. ಅದು ವಂಚನೆಯ ಅಪರಾಧ. ಪ್ರೀಮಿಯಂ ಸಂದಾಯವಾದ ವೇಳೆ ದಾಖಲಾಗಿರುವುದರಿಂದ ಪತ್ತೆಯಾಗುವುದೂ ಕಷ್ಟವಲ್ಲ.

ಆರೋಗ್ಯ ವಿಮೆಯಲ್ಲಿ ವಾರ್ಷಿಕವಾಗಿ ಪ್ರೀಮಿಯಂ ಕಟ್ಟುವವರಿಗೆ 30 ದಿನಗಳ ರಿಯಾಯಿತಿ ಕಾಲವಿದೆ. ಅದರೊಳಗೆ ಕಟ್ಟಿದರೆ ಹಿಂದಿನ ವರ್ಷಗಳ ಅನುಕೂಲಗಳು ಉಳಿಯುತ್ತವೆ. ಇದನ್ನು ಕೇಳಿದವರು ಎಲ್ಲ ವಿಮೆಗಳಿಗೂ ಇಂತಹುದೇ ಅವಕಾಶವಿದೆ ಎಂದು ಭಾವಿಸುತ್ತಾರೆ. ವಾಹನ ವಿಮೆಗೆ ಅಂತಹ ರಕ್ಷಣೆಯ ಕಾಲವಿಲ್ಲ. ಒಂದು ವಿಮೆಯ ನಿಯಮವನ್ನು ಇನ್ನೊಂದಕ್ಕೆ ಅನ್ವಯಿಸಿಕೊಳ್ಳಬಾರದು.

ದೂರು ಇದ್ದರೆ

ಅವಧಿಯೊಳಗೆ ಹಣ ಕಟ್ಟಿಯೂ ಪತ್ರ ಬಾರದಿದ್ದರೆ, ಅಥವಾ ಪರಿಹಾರವನ್ನು ಅನ್ಯಾಯವಾಗಿ ನಿರಾಕರಿಸಲಾಗಿದೆ ಎನಿಸಿದರೆ ಮೊದಲು ವಿಮಾ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಬರೆಹದಲ್ಲಿ ದೂರು ಕೊಡಬೇಕು. ಅಲ್ಲಿ ಪರಿಹಾರ ದೊರೆಯದಿದ್ದರೆ ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ 155255 ಸಂಖ್ಯೆಗೆ ಕರೆ ಮಾಡಬಹುದು. ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು. ಸಂಸ್ಥೆಯ ಉತ್ತರ ತೃಪ್ತಿಕರವಲ್ಲದಿದ್ದಲ್ಲಿ, ಇಲ್ಲವೆ ಒಂದು ತಿಂಗಳಾದರೂ ಉತ್ತರ ಬಾರದಿದ್ದಲ್ಲಿ ವಿಮಾ ಒಂಬುಡ್ಸ್‌ಮನ್ ಅವರ ಮೊರೆ ಹೋಗಬಹುದು. ಪುಣೆಯಲ್ಲಿಯೂ ಬೆಂಗಳೂರಿನಲ್ಲಿಯೂ ಇವರ ಕಚೇರಿಗಳಿವೆ. ಸಂಸ್ಥೆಯು ದೂರನ್ನು ತಳ್ಳಿಹಾಕಿದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಇದಕ್ಕೆ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ.

ಆದರೆ ಒಂದು ಮಾತನ್ನು ಸ್ಪಷ್ಟವಾಗಿ ತಿಳಿಯಬೇಕು. ಕರಾರು ಜಾರಿಯಲ್ಲಿದ್ದಾಗ ಅದರ ಹಕ್ಕಿಗಾಗಿ ಹೋರಾಡಲು ಈ ಎಲ್ಲ ವ್ಯವಸ್ಥೆಗಳಿವೆ. ಕರಾರೇ ಇಲ್ಲದ ದಿನದ ನಷ್ಟಕ್ಕೆ ವಿಮಾ ಸಂಸ್ಥೆಯಿಂದ ಪರಿಹಾರ ಕೊಡಿಸಲು ಇವು ಯಾವುದಕ್ಕೂ ಸಾಧ್ಯವಾಗದು. ಸಕಾಲದಲ್ಲಿ ಕಟ್ಟಿದ ಪ್ರೀಮಿಯಂ ವ್ಯರ್ಥವಾಯಿತೆಂದು ವರ್ಷದ ಕೊನೆಗೆ ಅನಿಸಿದರೆ ಚಿಂತೆಯಿಲ್ಲ. ಯಾವ ಕೇಡೂ ಇಲ್ಲದೆ ಊರಿಗೆ ಹೋಗಿ ಬಂದೆವೆಂಬುದೇ ಅದರ ಅರ್ಥ. ಈ ಲೇಖನವನ್ನು ಓದಿದ ಬಳಿಕ ಓದುಗರು ಮಾಡಬೇಕಾದ ಮೊದಲ ಕೆಲಸ ಚಿಕ್ಕದು: ಮನೆಯಲ್ಲಿರುವ ವಿಮಾಪತ್ರಗಳನ್ನು ಹೊರತೆಗೆದು, ಪ್ರತಿಯೊಂದರ ಕೊನೆಯ ದಿನಾಂಕವನ್ನು ಇಂದೇ ಓದಿ ನೋಡುವುದು.